ರಷ್ಯನ್ ಅನುವಾದ, ದುಭಾಷಿ: ಮೈಸೂರು–ಮಂಡ್ಯ ಕಡೆ ಯಾರಾದರೂ ಸಿಗುತ್ತಾರಾ?

ಮಂಡ್ಯ ಆಲೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಹತ್ತಿರ ಆಲೆಮನೆ. ಅಪ್ಪನ ಕಾಲದಲ್ಲಿ ಅಚ್ಚು ಬೆಲ್ಲ ಮಾಡಿ ಮಂಡಿಗೆ ಹಾಕುವುದಷ್ಟೇ ಇತ್ತು. ಈಗ ನಾನು ಪುಡಿ ಬೆಲ್ಲ ಪ್ಯಾಕೆಟ್ ಮಾಡಿ ಮೈಸೂರು, ಬೆಂಗಳೂರಿಗೆ ಕೊಡುತ್ತಿದ್ದೇನೆ. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದಿದ್ದ ರಷ್ಯದ ಹೆಂಗಸೊಬ್ಬರು ನಮ್ಮ ಬೆಲ್ಲ ಊರಿಗೆ ತಗೊಂಡು ಹೋಗಿ, ಅಲ್ಲಿ ಪರಿಚಯದ ಅಂಗಡಿಯವರಿಗೆ ತೋರಿಸಿ, ಅವರಿಗೆ ಇಷ್ಟವಾಗಿ ಈಗ ಇಬ್ಬರು ಮುಂದಿನ ತಿಂಗಳು ಆಲೆಮನೆ ನೋಡಲು ಬರುತ್ತಾರಂತೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಮ್ಮಪ್ಪನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ಆದರೆ ಪಾಕದ ವಿಷಯ ಹೇಳಬೇಕಾದವರು ಅವರೇ.

ಜೊತೆಗೆ ಒಂದು ಕರಾರಿನ ಡ್ರಾಫ್ಟ್ ಕಳಿಸಿದ್ದಾರೆ, ಪೂರ್ತಿ ರಷ್ಯನ್. ಪ್ಯಾಕೆಟ್ ಮೇಲೆ ರಷ್ಯನ್ ಲೇಬಲ್ ಕೂಡ ಬೇಕಂತೆ. ಚೆನ್ನಾಗಿ ರಷ್ಯನ್ ಬರುವವರು ಒಬ್ಬರು ಸಿಕ್ಕಿಬಿಟ್ಟರೆ ಮೂರೂ ಮುಗಿಯುತ್ತೆ ಅಲ್ವಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಹೂಟಗಳ್ಳಿ ಟೆಕ್ಕಿ:
ಗುರು, ಇದಕ್ಕೆಲ್ಲ ಯಾಕೆ ದುಡ್ಡು ಸುರಿಯುತ್ತೀಯ? ಗೂಗಲ್ ಟ್ರಾನ್ಸ್‌ಲೇಟ್ ಇದೆ, ರಷ್ಯದ ಯಾಂಡೆಕ್ಸ್ ಕಂಪನಿಯವರದ್ದೂ ಇದೆ, ಎರಡರಲ್ಲೂ ಕನ್ನಡ ಇದೆ. ಅಪ್ಪ ಕನ್ನಡದಲ್ಲೇ ಹೇಳಲಿ, ಫೋನು ರಷ್ಯನ್‌ನಲ್ಲಿ ಹೇಳುತ್ತೆ. ಕರಾರನ್ನು ಎಐಗೆ ಹಾಕು, ನೀನು ಕಾಫಿ ಕುಡಿದು ಬರುವಷ್ಟರಲ್ಲಿ ಇಂಗ್ಲಿಷ್ ಆಗಿರುತ್ತೆ.

ಗೋಕುಲಂ ಮನೆ ಓನರ್:
ಟೆಕ್ಕಿ ಹೇಳಿದ್ದು ಅರ್ಧ ನಿಜ. ನಮ್ಮ ಮೇಲ್ಮನೆಗೆ ಪ್ರತಿ ಸೀಸನ್‌ನಲ್ಲೂ ರಷ್ಯದವರು ಬರುತ್ತಾರೆ. ಗ್ಯಾಸ್ ಹಚ್ಚುವುದು, ಕಸ ಯಾವಾಗ ಹಾಕಬೇಕು, ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಸೋಲಾರ್ ಬಿಸಿನೀರು ಮೋಡ ಇದ್ದರೆ ಬರುವುದಿಲ್ಲ, ಇಷ್ಟಕ್ಕೆ ಫೋನು ಧಾರಾಳ ಸಾಕು. ಪೊಲೀಸ್ ಕಡೆ ಕೊಡುವ ವಿವರಕ್ಕೂ ಅನುವಾದ ಬೇಡ. ಸಿ ಫಾರಂ ಅಂತ ಎಲ್ಲರೂ ಕರೆಯುವ ಫಾರಂನ್ನು ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಆನ್‌ಲೈನಲ್ಲಿ ತುಂಬಬೇಕು, ಅವರ ಪಾಸ್‌ಪೋರ್ಟಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರುತ್ತೆ, ನೋಡಿ ಬರೆದರೆ ಆಯಿತು.

ಆದರೆ ಬಾಡಿಗೆ ಅಗ್ರಿಮೆಂಟ್ ವಿಷಯ ಬೇರೆ. ಹಿಂದೆ ಬಂದ ಒಬ್ಬರು ಅಡ್ವಾನ್ಸ್ ಕೊಟ್ಟಿದ್ದನ್ನು ಮೊದಲ ತಿಂಗಳುಗಳ ಬಾಡಿಗೆಗೇ ಮುರಿದುಕೊಳ್ಳುತ್ತಾರೆ ಅಂದುಕೊಂಡಿದ್ದರು. ಅವರ ಕಡೆ ‘ಅವಾನ್ಸ್’ ಅಂದರೆ ಮುಂಗಡ ಪಾವತಿಯಂತೆ, ಖಾಲಿ ಮಾಡುವಾಗ ವಾಪಸ್ ಕೊಡುವ ಠೇವಣಿಗೆ ಬೇರೆ ಹೆಸರಂತೆ. ಫೋನು ಎರಡನ್ನೂ ಒಂದೇ ಥರ ಹೇಳಿತ್ತು. ಎರಡು ತಿಂಗಳು ಬಾಡಿಗೆ ಬರಲಿಲ್ಲ, ಕೇಳಿದರೆ ನನ್ನನ್ನೇ ಮೋಸಗಾರನ ಥರ ನೋಡಿದರು. ಈಗ ಅಗ್ರಿಮೆಂಟ್ ಜೊತೆ ಒಂದು ಪುಟ ರಷ್ಯನ್ ಸಾರಾಂಶ ಇಟ್ಟಿದ್ದೇನೆ: ಅಡ್ವಾನ್ಸ್, ನೋಟಿಸ್ ಅವಧಿ, ಪೇಂಟಿಂಗ್ ಚಾರ್ಜ್, ಕರೆಂಟ್ ಬಿಲ್ ಯಾರದ್ದು. ಒಮ್ಮೆ ದುಡ್ಡು ಕೊಟ್ಟು ಮಾಡಿಸಿದ್ದು, ಪ್ರತಿ ಸಲ ಅದೇ ಕಾಗದ.

ಇನ್ನೊಂದು, ರಷ್ಯದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು 2022ರ ಮಾರ್ಚ್‌ನಿಂದ ರಷ್ಯದ ಹೊರಗೆ ನಡೆಯುವುದಿಲ್ಲ. ದುಡ್ಡು ಹೇಗೆ ಕೊಡುತ್ತಾರೆ ಅನ್ನುವುದನ್ನೂ ಆ ಪುಟದಲ್ಲೇ ಬರೆಸಿ.

ಸರಸ್ವತಿಪುರಂ ಅನುವಾದಕಿ:
ಆಲೆಮನೆ ಅವರೇ, ನಾನು ಬಹಳ ವರ್ಷ ರಷ್ಯನ್–ಇಂಗ್ಲಿಷ್ ಅನುವಾದ ಮಾಡಿದವಳು, ಈಗ ಕೆಲಸ ಕಡಿಮೆ ಮಾಡಿದ್ದೇನೆ, ಆದ್ದರಿಂದ ಇದು ಗಿರಾಕಿ ಹಿಡಿಯುವ ಮಾತಲ್ಲ. ‘ರಷ್ಯನ್ ಯಾರಿಗೆ ಬರುತ್ತೆ’ ಅಂತ ಹುಡುಕಬೇಡಿ. ಈ ಕಾಗದ ಕೊನೆಗೆ ಯಾರ ಟೇಬಲ್ ಮೇಲೆ ಹೋಗುತ್ತೆ, ಅವರು ಯಾರ ಸಹಿ, ಯಾವ ಸೀಲು ಕೇಳುತ್ತಾರೆ, ಅದನ್ನು ಮೊದಲು ತಿಳಿದುಕೊಳ್ಳಿ. ಆಮೇಲೆ ಮನುಷ್ಯರನ್ನು ಹುಡುಕಿ. ನಿಮ್ಮ ಹತ್ತಿರ ಇರುವುದು ಒಂದು ಕೆಲಸ ಅಲ್ಲ, ಮೂರು ಬೇರೆ ಬೇರೆ ಕೆಲಸ.

ಆಲೆಮನೆಯಲ್ಲಿ ನಿಂತು ಮಾತಾಡಿಸುವುದು ದುಭಾಷಿ ಕೆಲಸ. ಒಬ್ಬರು ಹೇಳಿ ನಿಲ್ಲಿಸುತ್ತಾರೆ, ಇವರು ಹೇಳುತ್ತಾರೆ. ಸಮ್ಮೇಳನದಲ್ಲಿ ಕಿವಿಗೆ ಹಾಕಿಕೊಂಡು ಮಾತಿನ ಜೊತೆಜೊತೆಗೇ ಹೇಳುತ್ತಾರಲ್ಲ, ಅದು ಬೇರೆ, ಅದಕ್ಕೆ ಇಬ್ಬರು ಬೇಕು, 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ನಿಮಗೆ ಅದು ಬೇಡ. ನಿಮಗೆ ಬೇಕಾದವರಿಗೆ ಕನ್ನಡ ನೇರವಾಗಿ ಗೊತ್ತಿದ್ದರೆ ಅದೃಷ್ಟ. ಇಲ್ಲದಿದ್ದರೆ ಅಪ್ಪನ ಕನ್ನಡವನ್ನು ನೀವು ಇಂಗ್ಲಿಷ್ ಮಾಡಿ, ಅವರು ರಷ್ಯನ್ ಮಾಡಿ, ವಾಪಸ್ ಅದೇ ದಾರಿ. ಸಮಯ ಎರಡರಷ್ಟು ಹಿಡಿಯುತ್ತೆ, ಅದಕ್ಕೆ ತಕ್ಕ ಹಾಗೆ ಪ್ಲಾನ್ ಮಾಡಿ.

ಬರುವ ಮುಂಚೆ ದುಭಾಷಿಯನ್ನು ಒಮ್ಮೆ ಆಲೆಮನೆಗೆ ಕರೆದುಕೊಂಡು ಹೋಗಿ. ಕೊಪ್ಪರಿಗೆ, ಮಡ್ಡಿ ತೆಗೆಯುವುದು, ಬೆಂಡೆ ಗಿಡದ ಲೋಳೆ ಹಾಕಿ ಕಸ ಮೇಲೆ ತರಿಸುವುದು, ಸುಣ್ಣ ಎಷ್ಟು, ಯಾಕೆ ಹಾಕುತ್ತಾರೆ, ಎಲ್ಲ ಕಣ್ಣಾರೆ ನೋಡಲಿ. ಸುಣ್ಣ ಅಂದ ತಕ್ಷಣ ಗೋಡೆಗೆ ಬಳಿಯುವ ಸುಣ್ಣ ಅಂತ ರಷ್ಯನ್‌ನಲ್ಲಿ ಹೇಳಿಬಿಟ್ಟರೆ ಆ ಇಬ್ಬರು ಅಲ್ಲೇ ಮುಖ ಮುಖ ನೋಡಿಕೊಳ್ಳುತ್ತಾರೆ. ಆಹಾರಕ್ಕೆ ಹಾಕುವ ಸುಣ್ಣ, ಕಬ್ಬಿನ ಹಾಲಿನ ಹುಳಿ ಮುರಿಯುವುದಕ್ಕೆ, ಅಂತ ಬಿಡಿಸಿ ಹೇಳುವುದು ಮೊದಲೇ ಗೊತ್ತಿರಬೇಕು.

ಬರುವವರು ತಮ್ಮ ಕಡೆಯ ದುಭಾಷಿ ಕರೆತಂದರೂ ನೀವು ನಿಮ್ಮವರನ್ನು ಇಟ್ಟುಕೊಳ್ಳಿ. ಅವರ ಬಗ್ಗೆ ಅನುಮಾನ ಅಂತಲ್ಲ. ದುಡ್ಡು ಕೊಟ್ಟವರ ಕೆಲಸ ಅವರು ಮಾಡುತ್ತಾರೆ, ಅಷ್ಟೇ.

ಕರಾರು, ಲೇಬಲ್ ಎರಡೂ ಬರಹದ ಕೆಲಸ, ಅದರಲ್ಲೂ ಒಬ್ಬರೇ ಎರಡನ್ನೂ ಚೆನ್ನಾಗಿ ಮಾಡುವುದು ಕಡಿಮೆ. ರೇಟ್ ಕೇಳುವಾಗ ಪುಟಕ್ಕೆ ಎಷ್ಟು ಅಂತ ಸುಮ್ನೆ ಕೇಳಬೇಡಿ. ರಷ್ಯದ ಲೆಕ್ಕದಲ್ಲಿ ಒಂದು ಪುಟ ಅಂದರೆ ಖಾಲಿ ಜಾಗವೂ ಸೇರಿ 1800 ಅಕ್ಷರ. ನಮ್ಮಲ್ಲಿ ಪದದ ಲೆಕ್ಕ ಹೇಳುವವರಿದ್ದಾರೆ, ಕಾಗದದ ಪುಟದ ಲೆಕ್ಕ ಹೇಳುವವರೂ ಇದ್ದಾರೆ. ಯಾವ ಲೆಕ್ಕ, ಮೂಲದ ಪದವೋ ಅನುವಾದದ ಪದವೋ, ಇನ್ನೊಬ್ಬರು ಓದಿ ತಿದ್ದುವುದು ಸೇರಿದೆಯೋ ಇಲ್ಲವೋ, ಇಷ್ಟು ಬರವಣಿಗೆಯಲ್ಲಿ ತಗೊಳ್ಳಿ.

ದೇವರಾಜ ಮಾರ್ಕೆಟ್ ಎಣ್ಣೆ ಅಂಗಡಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮಾರ್ಕೆಟ್‌ನಲ್ಲಿ ಗಂಧದೆಣ್ಣೆ, ಕುಂಕುಮ, ಅಗರಬತ್ತಿ ಮಾರುವ ಹುಡುಗರು ರಷ್ಯನ್‌ನಲ್ಲಿ ಸಲೀಸಾಗಿ ಮಾತಾಡುತ್ತಾರೆ, ನಾನೂ ಮಾತಾಡುತ್ತೇನೆ. ‘ಜ್ದ್ರಾಸ್ತ್ವುಯ್ತೆ’ (ನಮಸ್ಕಾರ) ಅಂತ ಕರೆದು, ರೇಟ್ ಹೇಳಿ, ಚೌಕಾಸಿ ಮಾಡಿ, ಕೊನೆಗೆ ‘ಸ್ಪಸೀಬ’ (ಥ್ಯಾಂಕ್ಸ್) ಹೇಳುವವರೆಗೆ ಪಕ್ಕಾ. ಅಕ್ಷರ ಓದು ಅಂದರೆ ಒಂದೂ ಬರುವುದಿಲ್ಲ! ನಮ್ಮಂಥವರನ್ನು ಕರಾರು ಓದಿಸಲು ಕರೆದುಕೊಂಡು ಹೋದವರು ಇದ್ದಾರೆ ಕಣ್ರೀ. ದಯವಿಟ್ಟು ಬೇಡ.

ಕೆಲವರು ದುಭಾಷಿ ಅಂತ ಜೊತೆಗೆ ಬರುತ್ತಾರೆ, ಆಮೇಲೆ ಅಂಗಡಿಯವರ ಹತ್ತಿರ ಬಂದು ಕಮಿಷನ್ ಕೇಳುತ್ತಾರೆ. ಹಾಗಿರುವವರನ್ನು ಆಲೆಮನೆಗೆ ಕರೆದುಕೊಂಡು ಹೋದರೆ ಟನ್‌ಗೆ ಇಷ್ಟು ಅಂತ ಕೇಳದೆ ಬಿಡುವುದಿಲ್ಲ. ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ವ್ಯಾಪಾರದಲ್ಲಿ ಪಾಲು ಇಲ್ಲ ಅಂತ ಬಾಯಿ ಬಿಟ್ಟು ಹೇಳಿ.

ಬಂದವರಿಗೆ ಸ್ವಲ್ಪ ಹೊತ್ತು ಬಿಡುವಿದ್ದರೆ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ. ಅಲ್ಲಿ ರಷ್ಯದ ಚಿತ್ರಕಾರ ರೋರಿಕ್ ಚಿತ್ರಗಳಿವೆ. ರಷ್ಯದವರು ಅದನ್ನು ನೋಡಿದರೆ ಖುಷಿಯಾಗುತ್ತಾರೆ, ನನ್ನ ಹತ್ತಿರ ದಾರಿ ಕೇಳಿಕೊಂಡು ಹೋದವರು ಜಾಸ್ತಿ.

ಎಕ್ಸ್‌ಪೋರ್ಟ್ ಫೈಲ್ ನೋಡುವವನು:
ಲೇಬಲ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲೇ ಎಲ್ಲರೂ ದುಡ್ಡು ಕಳೆಯುವುದು. ರಷ್ಯ, ಬೆಲಾರುಸ್, ಕಜಾಕಿಸ್ತಾನ, ಅರ್ಮೇನಿಯಾ, ಕಿರ್ಗಿಸ್ತಾನ ಐದೂ ಸೇರಿ ಒಂದು ಆರ್ಥಿಕ ಒಕ್ಕೂಟ. ಆಹಾರದ ಲೇಬಲ್‌ಗೆ ಅವರದ್ದು ಒಂದೇ ನಿಯಮ, 022/2011 ಅಂತ ನಂಬರ್. ಹೆಸರು, ಏನೇನು ಸೇರಿದೆ, ತೂಕ, ತಯಾರಾದ ದಿನ, ಎಷ್ಟು ದಿನ ಬಾಳುತ್ತೆ, ಹೇಗೆ ಇಡಬೇಕು, ತಯಾರಿಸಿದವರು, ಪ್ರೋಟೀನ್–ಕೊಬ್ಬು–ಕಾರ್ಬೋಹೈಡ್ರೇಟ್, ಶಕ್ತಿ ಕಿಲೋಜೌಲ್ ಮತ್ತು ಕಿಲೋಕ್ಯಾಲರಿ ಎರಡರಲ್ಲೂ, ಆಮೇಲೆ ಮಾಲು ಒಕ್ಕೂಟದ ನಿಯಮಕ್ಕೆ ಹೊಂದುತ್ತೆ ಅಂತ ತೋರಿಸುವ ಇಎಸಿ ಗುರುತು. ಎಲ್ಲ ರಷ್ಯನ್‌ನಲ್ಲಿ. ಒಂದು ರಿಯಾಯಿತಿ ಇದೆ: ತಯಾರಕರ ಹೆಸರು, ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಬಹುದು, ದೇಶದ ಹೆಸರು ಮಾತ್ರ ರಷ್ಯನ್‌ನಲ್ಲಿ ಇರಬೇಕು. ಆದ್ದರಿಂದ ನಿಮ್ಮ ಹೋಬಳಿ, ಅಂಚೆ ಹೆಸರನ್ನೆಲ್ಲ ರಷ್ಯನ್ ಅಕ್ಷರಕ್ಕೆ ಎಳೆದಾಡಬೇಕಾಗಿಲ್ಲ.

ಮುಖ್ಯ ಮಾತು ಈಗ. ಹೈಡ್ರೋಸ್ ಹಾಕುತ್ತೀರಾ? ಬಣ್ಣ ಬಿಳಿಚಾಗಿ ಬರಲಿ ಅಂತ ನಮ್ಮ ಕಡೆ ಹಾಕುವವರು ಇದ್ದಾರೆ, ಎಲ್ಲರಿಗೂ ಗೊತ್ತಿರುವ ಗುಟ್ಟು. ಅದು ಬೆಲ್ಲದಲ್ಲಿ ಗಂಧಕದ ಅಂಶ ಬಿಡುತ್ತೆ. ಅವರ ನಿಯಮದಲ್ಲಿ ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಅಲರ್ಜಿ ಪದಾರ್ಥ ಅಂತ ಲೇಬಲ್ ಮೇಲೆ ಹೇಳಲೇಬೇಕು. ಅನುವಾದಕರು ಎಷ್ಟೇ ಚೆನ್ನಾಗಿ ಬರೆದರೂ ಲ್ಯಾಬ್ ರಿಪೋರ್ಟ್ ಒಂದು ಹೇಳಿ ಲೇಬಲ್ ಇನ್ನೊಂದು ಹೇಳಿದರೆ ಮಾಲು ಅಲ್ಲೇ ನಿಲ್ಲುತ್ತೆ. ಮೊದಲು ಟೆಸ್ಟ್, ಆಮೇಲೆ ಅನುವಾದ.

ಅನುರೂಪತೆಯ ಘೋಷಣೆ, ಅಂದರೆ ಮಾಲು ಅವರ ನಿಯಮಕ್ಕೆ ಹೊಂದುತ್ತೆ ಅಂತ ಹೇಳುವ ಒಂದು ಕಾಗದ ಬೇಕಾಗುತ್ತೆ, ಅದಕ್ಕೆ ಅರ್ಜಿ ಹಾಕುವವರು ಆ ಒಕ್ಕೂಟದ ದೇಶದವರೇ ಆಗಿರಬೇಕು. ಅಂದರೆ ನಿಮ್ಮ ಖರೀದಿದಾರರು ಹಾಕುತ್ತಾರೆ. ಹಾಗಾಗಿ ಲೇಬಲ್ ವಾಕ್ಯಗಳನ್ನು ನೀವೇ ಫೈನಲ್ ಮಾಡಿ ಸಾವಿರಾರು ಕವರ್ ಪ್ರಿಂಟ್ ಹಾಕಿಸಬೇಡಿ. ಅವರು ಒಪ್ಪಿ ಮೇಲ್ ಕಳಿಸಲಿ. ಮೊದಲ ಲೋಡ್‌ಗೆ ಸ್ಟಿಕ್ಕರ್ ಸಾಕು.

ಕಸ್ಟಮ್ಸ್‌ನವರು ಸರಕು ಗುರುತಿಸುವ ಎಚ್‌ಎಸ್ ಕೋಡ್ ಅನ್ನು ಅನುವಾದಕರ ಮೇಲೆ ಹಾಕಬೇಡಿ. ಮೊದಲ 6 ಅಂಕಿ ಎರಡು ದೇಶಕ್ಕೂ ಒಂದೇ, ಅದರ ಮುಂದೆ ನಮ್ಮದು 8 ಅಂಕಿವರೆಗೆ, ಅವರದ್ದು 10. ಅದು ಅವರ ಕಸ್ಟಮ್ಸ್ ಏಜೆಂಟ್ ಕೆಲಸ. ನಿಮ್ಮ ಕಡೆ ಐಇಸಿ (ಆಮದು–ರಫ್ತುದಾರರ ಕೋಡ್), ಅಪೇಡಾ (ಕೇಂದ್ರದ ಕೃಷಿ ರಫ್ತು ಸಂಸ್ಥೆ) ನೋಂದಣಿ, ಆಹಾರದ ಲೈಸೆನ್ಸ್ ಸರಿ ಇಟ್ಟುಕೊಳ್ಳಿ, ಬೆಲ್ಲ ಅಪೇಡಾ ಪಟ್ಟಿಯಲ್ಲೇ ಬರುತ್ತೆ.

ಕರಾರು ಎರಡು ಕಾಲಂ ಇರಲಿ, ಎಡಗಡೆ ಇಂಗ್ಲಿಷ್, ಬಲಗಡೆ ರಷ್ಯನ್, ಕಲಂ ನಂಬರ್ ಎದುರು ಬದುರು. ಅವರ ಬ್ಯಾಂಕ್ ರಷ್ಯನ್ ನೋಡುತ್ತೆ, ನಮ್ಮ ಬ್ಯಾಂಕ್ ಇಂಗ್ಲಿಷ್ ನೋಡುತ್ತೆ. ಎರಡರಲ್ಲಿ ವ್ಯತ್ಯಾಸ ಬಂದರೆ ಯಾವುದು ನಡೆಯುತ್ತೆ ಅನ್ನುವ ಕಲಂ ಹುಡುಕಿ ನೋಡಿ. ಅವರು ಕಳಿಸಿದ ಡ್ರಾಫ್ಟ್‌ನಲ್ಲಿ ‘ರಷ್ಯನ್ ಪಠ್ಯವೇ ಅಂತಿಮ’ ಅಂತ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಒಪ್ಪುವುದಾದರೆ ರಷ್ಯನ್ ಕಾಲಂ ಅನ್ನು ನಿಮ್ಮ ಕಡೆಯವರು ಅಕ್ಷರ ಅಕ್ಷರ ಓದಿರಬೇಕು. ದುಡ್ಡಿನ ವಿಷಯಕ್ಕೆ, 2022ರ ಜುಲೈನಿಂದ ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲೇ ವ್ಯವಹಾರಕ್ಕೆ ದಾರಿ ಮಾಡಿದೆ, ವೋಸ್ಟ್ರೋ ಖಾತೆ ಮೂಲಕ, ಅಂದರೆ ಅವರ ಬ್ಯಾಂಕ್ ನಮ್ಮ ಬ್ಯಾಂಕಿನಲ್ಲಿ ತೆರೆಯುವ ರೂಪಾಯಿ ಖಾತೆ. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೇಳಿ, ಲೋಕಲ್ ಬ್ರ್ಯಾಂಚ್‌ನಲ್ಲಿ ಕೇಳಿದರೆ ಪ್ರಯೋಜನ ಇಲ್ಲ.

ಹೂಟಗಳ್ಳಿ ಟೆಕ್ಕಿ:
ಸರಿ ಸಾರ್, ಸಹಿ ಹಾಕುವ ಕಾಗದ ಬಿಡಿ. ಆದರೆ ರೇಟ್ ಲಿಸ್ಟ್, ಮೇಲ್, ವಾಟ್ಸಾಪ್ ಇಂಥದ್ದಕ್ಕೂ ಮನುಷ್ಯರು ಬೇಕಾ? ಸುಮ್ನೆ ಹೆದರಿಸುತ್ತೀರಿ ಅನಿಸುತ್ತೆ.

ಸರಸ್ವತಿಪುರಂ ಅನುವಾದಕಿ:
ಟೆಕ್ಕಿ ತಮ್ಮ, ಮೇಲ್ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಮೆಷಿನ್ ಚೆನ್ನಾಗಿದೆ, ನಾನೂ ಬಳಸುತ್ತೇನೆ. ರೇಟ್ ಲಿಸ್ಟ್ ಅಂದೆಯಲ್ಲ, ಅದಕ್ಕೇ ಉತ್ತರ ಕೊಡುತ್ತೇನೆ. ನಾವು 1,250 ಅಂತ ಬರೆದರೆ ಸಾವಿರದ ಇನ್ನೂರೈವತ್ತು. ರಷ್ಯದಲ್ಲಿ ಅಲ್ಪವಿರಾಮ ದಶಮಾಂಶಕ್ಕೆ, ಅವರು ಅದನ್ನು ಒಂದೂಕಾಲು ಅಂತ ಓದಬಹುದು. ಸಾವಿರಕ್ಕೆ ಅವರು ಬರೀ ಜಾಗ ಬಿಡುತ್ತಾರೆ: 1 250. ಇನ್ನು 12,50,000 ಅಂತ ನಮ್ಮ ಲಕ್ಷದ ಲೆಕ್ಕದಲ್ಲಿ ಬರೆದರೆ ತಲೆ ಕೆರೆದುಕೊಳ್ಳುತ್ತಾರೆ. ಮೆಷಿನ್ ಅಂಕಿಯನ್ನು ಕೆಲವೊಮ್ಮೆ ಬದಲಿಸುತ್ತೆ, ಕೆಲವೊಮ್ಮೆ ಹಾಗೇ ಬಿಡುತ್ತೆ, ಒಂದೇ ಕಡತದಲ್ಲೇ ಎರಡೂ ಆಗಿದ್ದನ್ನು ನೋಡಿದ್ದೇನೆ. ಅಕ್ಷರ ತಪ್ಪಿದರೆ ಓದುವವರಿಗೆ ಅನುಮಾನ ಬರುತ್ತೆ. ಅಂಕಿ ತಪ್ಪಿದರೆ ಬರುವುದಿಲ್ಲ.

ವಾಟ್ಸಾಪ್‌ನಲ್ಲಿ ಇನ್ನೊಂದು. ಅವರಲ್ಲೂ ನಮ್ಮ ಥರ ನೀನು, ನೀವು ಇದೆ. ಮಧ್ಯೆ ಇಂಗ್ಲಿಷ್ ಬಂದರೆ ಅದು ಹೋಗುತ್ತೆ. ಮೊದಲ ಪರಿಚಯದ ವ್ಯಾಪಾರಿಗೆ ನಿಮ್ಮಪ್ಪನ ಮರ್ಯಾದೆಯ ಮಾತು ಏಕವಚನದಲ್ಲಿ ತಲುಪಬಹುದು. ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ, ಬಂದಿದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ.

ಪಂಚಕರ್ಮ ವೈದ್ಯೆ:
ನಮ್ಮ ಚಿಕಿತ್ಸಾಲಯಕ್ಕೂ ರಷ್ಯನ್ ಮಾತಾಡುವವರು ಬರುತ್ತಾರೆ. ನಮ್ಮ ತಲೆನೋವು ಬೇರೆ ಥರ. ಜೊತೆಯಲ್ಲಿ ಬಂದ ಸ್ನೇಹಿತೆಯೇ ದುಭಾಷಿ ಆಗಿಬಿಡುತ್ತಾರೆ. ನಾನು ಹತ್ತು ಪ್ರಶ್ನೆ ಕೇಳಿದರೆ ಆಕೆ ಒಂದು ನಿಮಿಷ ಮಾತಾಡಿ ‘ಎಲ್ಲ ನಾರ್ಮಲ್ ಅಂತೆ’ ಅನ್ನುತ್ತಾರೆ. ಮುಟ್ಟಿನ ವಿಷಯ, ಗರ್ಭದ ವಿಷಯ, ಮಾನಸಿಕ ಔಷಧಿ ವಿಷಯ ಸ್ನೇಹಿತೆ ಎದುರು ಯಾರು ಬಾಯಿ ಬಿಡುತ್ತಾರೆ? ವಮನ (ವಾಂತಿ), ವಿರೇಚನ (ಭೇದಿ) ಮಾಡಿಸುವ ಮುಂಚೆ ಅದೆಲ್ಲ ಗೊತ್ತಾಗಲೇಬೇಕು.

ಈಗ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರ ಎರಡನ್ನೂ ರಷ್ಯನ್‌ನಲ್ಲಿ ಮಾಡಿಸಿಟ್ಟಿದ್ದೇನೆ. ಹೌದು–ಇಲ್ಲ ಗುರುತು ಹಾಕುವ ಹಾಗೆ. ಅವರು ಒಬ್ಬರೇ ಕೂತು ತುಂಬುತ್ತಾರೆ. ಮಾತ್ರೆ ಡಬ್ಬಿ ತರಲು ಹೇಳುತ್ತೇನೆ. ಬ್ರ್ಯಾಂಡ್ ಹೆಸರು ಅವರ ಅಕ್ಷರದಲ್ಲಿ ಇರುತ್ತೆ, ನಮಗೆ ಬೇಕಾದದ್ದು ಒಳಗಿರುವ ಮೂಲ ಔಷಧಿ ಹೆಸರು. ಉದಾಹರಣೆಗೆ ಕೊರ್ವಲೋಲ್ ಅಂತ ಹನಿ ಔಷಧಿ, ವಯಸ್ಸಾದ ರಷ್ಯನ್ ಹೆಂಗಸರು ಎದೆ ಡವಡವ ಅಂದರೆ, ನಿದ್ದೆ ಬರದಿದ್ದರೆ ತಗೊಳ್ಳುತ್ತಾರೆ. ಅವರ ಪ್ರಕಾರ ಅದು ಮನೆಮದ್ದು, ‘ಏನಾದರೂ ಔಷಧಿ ತಗೊಳ್ಳುತ್ತೀರಾ’ ಅಂದರೆ ಇಲ್ಲ ಅನ್ನುತ್ತಾರೆ. ಅದರಲ್ಲಿ ಫಿನೋಬಾರ್ಬಿಟಾಲ್ ಅನ್ನುವ ಮಂಪರು ತರಿಸುವ ಔಷಧಿ ಇದೆ. ಭಾಷೆ ಗೊತ್ತಿದ್ದು ಆಸ್ಪತ್ರೆ ಗೊತ್ತಿಲ್ಲದವರಿಗೆ ಇದು ಹೊಳೆಯುವುದಿಲ್ಲ. ರಷ್ಯದಲ್ಲಿ ಎಂಬಿಬಿಎಸ್ ಓದಿ ಬಂದ ನಮ್ಮ ಹುಡುಗ ಹುಡುಗಿಯರು ಮೈಸೂರಲ್ಲಿ ಇದ್ದಾರಲ್ಲ, ಈ ಕೆಲಸಕ್ಕೆ ಅವರು ಬಹಳ ಒಳ್ಳೆಯವರು. ಆದರೆ ಅವರಿಂದ ಬೆಲ್ಲದ ಕರಾರು ಓದಿಸಬೇಡಿ.

ಕೆ.ಆರ್.ಪೇಟೆ ತಂದೆ:
ಮೇಡಂ ಎಂಬಿಬಿಎಸ್ ಅಂದಿದ್ದಕ್ಕೆ ಕೇಳುತ್ತೇನೆ. ನನ್ನ ಮಗ ಅಲ್ಲೇ ಮೂರನೇ ವರ್ಷ ಓದುತ್ತಿದ್ದಾನೆ. ಎಜುಕೇಶನ್ ಲೋನ್ ಮುಂದಿನ ಕಂತು ಬಿಡಬೇಕಾದರೆ ಬ್ಯಾಂಕಿನವರು ಮಾರ್ಕ್ಸ್ ಲಿಸ್ಟ್, ಫೀಸ್ ರಸೀದಿ ಇಂಗ್ಲಿಷ್‌ನಲ್ಲಿ ಬೇಕು ಅನ್ನುತ್ತಾರೆ. ಅವನು ಕಳಿಸಿದ್ದು ಒಂದು ಚಿಕ್ಕ ಪುಸ್ತಕದ ಫೋಟೋ, ಅದರಲ್ಲಿ ಕೈಬರಹ, ಪಕ್ಕದಲ್ಲಿ 3, 4, 5 ಅಂತ. ಮ್ಯಾನೇಜರ್ ‘ಏನ್ರೀ ಮಗ ನೂರಕ್ಕೆ ನಾಲ್ಕು ತೆಗೆದಿದ್ದಾನಾ’ ಅಂದರು. ಮಾನಸಗಂಗೋತ್ರಿಯಲ್ಲಿ ಭಾಷಾ ಸಂಸ್ಥಾನ ಇದೆಯಲ್ಲ, ಅಲ್ಲಿ ಮಾಡಿಕೊಡುತ್ತಾರಾ?

ಸರಸ್ವತಿಪುರಂ ಅನುವಾದಕಿ:
ಅಣ್ಣಾ, ಅಲ್ಲಿಗೆ ಅಲೆಯಬೇಡಿ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇರುವುದು ಭಾರತದ ಭಾಷೆಗಳಿಗೆ. ರಾಷ್ಟ್ರೀಯ ಅನುವಾದ ಮಿಷನ್ ಕೂಡ ಅಲ್ಲೇ ಇದೆ, ಆದರೆ ಅದು ಓದಿನ ಪುಸ್ತಕಗಳನ್ನು ನಮ್ಮ ಭಾಷೆಗಳಿಗೆ ತರುವ ಕೆಲಸ. ನಿಮ್ಮ ರಸೀದಿಗೆ ಅಲ್ಲಿ ಜಾಗ ಇಲ್ಲ.

ಮಗ ಕಳಿಸಿರುವುದು ಜಚ್ಯೋತ್ಕ, ಪ್ರತಿ ಪರೀಕ್ಷೆ ಆದ ಮೇಲೆ ಮೇಷ್ಟ್ರು ಕೈಯಲ್ಲೇ ಅಂಕ ಬರೆದು ಸಹಿ ಹಾಕುವ ಪುಸ್ತಕ. 5 ಅಂದರೆ ಅತ್ಯುತ್ತಮ, 4 ಚೆನ್ನಾಗಿದೆ, 3 ತೃಪ್ತಿಕರ, ಪಾಸು. ಕೆಲವು ವಿಷಯಕ್ಕೆ ಅಂಕವೇ ಇಲ್ಲ, ಪಾಸಾಯಿತು ಅಂತ ಮಾತ್ರ. ಮಗ ಚೆನ್ನಾಗೇ ಓದುತ್ತಿದ್ದಾನೆ ಅಂತ ಮ್ಯಾನೇಜರ್‌ಗೆ ಹೇಳಿ. ಆದರೆ ಬ್ಯಾಂಕಿಗೆ ಆ ಪುಸ್ತಕ ಬೇಡ, ಡೀನ್ ಆಫೀಸಿನಿಂದ ಸೀಲು ಹಾಕಿದ ಅಂಕಪಟ್ಟಿ ಕೇಳಿ ತರಿಸಲಿ. ಇಂಗ್ಲಿಷ್‌ನಲ್ಲೇ ಕೊಡುವ ಕಾಲೇಜುಗಳಿವೆ, ಕೇಳಿದರೆ ನಷ್ಟ ಇಲ್ಲ. ರಷ್ಯನ್ ಕೈಬರಹ ಓದುವುದು ಅಚ್ಚು ಅಕ್ಷರ ಓದಿದ ಹಾಗಲ್ಲ. ಅವರ ‘ತ’ ಕೈಬರಹದಲ್ಲಿ ಇಂಗ್ಲಿಷಿನ ಎಂ ಥರ ಕಾಣುತ್ತೆ, ‘ದ’ ಇಂಗ್ಲಿಷಿನ ಜಿ ಥರ. ಫೋನ್ ಕ್ಯಾಮರಾ ಅಲ್ಲಿ ಕೈ ಎತ್ತುತ್ತೆ.

ಅನುವಾದಕರು 4ನ್ನು 80 ಪರ್ಸೆಂಟ್ ಅಂತ ಬರೆದು ಕೊಟ್ಟರೆ ತಗೊಳ್ಳಬೇಡಿ. ಇದ್ದಿದ್ದನ್ನು ಇದ್ದ ಹಾಗೆ ಬರೆದು, ಅಂಕದ ಪದ್ಧತಿ ಏನು ಅಂತ ಕೆಳಗೆ ಟಿಪ್ಪಣಿ ಹಾಕಬೇಕು. ರೌಂಡ್ ಸೀಲಿನ ಒಳಗಿರುವ ಅಕ್ಷರವನ್ನೂ ಅನುವಾದ ಮಾಡಿರಬೇಕು, ಓದಲು ಬಾರದ್ದನ್ನು ‘ಅಸ್ಪಷ್ಟ’ ಅಂತ ಬರೆದಿರಬೇಕು. ಅನುವಾದ ಚೆನ್ನಾಗಿದೆಯೋ ಇಲ್ಲವೋ ನಿಮಗೆ ಗೊತ್ತಾಗದಿದ್ದರೂ ಈ ಎರಡು ನೋಡಿದರೆ ಮಾಡಿದವರ ಕೈ ಗೊತ್ತಾಗುತ್ತೆ.

ಲಕ್ಷ್ಮೀಪುರಂ ವಕೀಲ:
ಸೀಲು ಅಂದಿದ್ದರಿಂದ ಬರೆಯುತ್ತಿದ್ದೇನೆ, ಜನ ನಮ್ಮ ಹತ್ತಿರ ಬರುವುದೇ ಎಲ್ಲ ಕೆಟ್ಟ ಮೇಲೆ. ಕೆಲವು ದೇಶಗಳಲ್ಲಿ ಇರುವ ಹಾಗೆ ಸರ್ಕಾರ ಪ್ರಮಾಣ ಮಾಡಿಸಿ ನೇಮಿಸಿದ ಅನುವಾದಕರು ನಮ್ಮಲ್ಲಿ ಇಲ್ಲ. ‘ಗೌರ್ಮೆಂಟ್ ಅಪ್ರೂವ್ಡ್’ ಅಂತ ಬೋರ್ಡ್ ಹಾಕಿದ್ದರೆ ಯಾವ ಆದೇಶ ಅಂತ ಕೇಳಿ. 1952ರ ನೋಟರಿ ಕಾಯ್ದೆಯಲ್ಲಿ ಅನುವಾದ ಮಾಡುವುದು, ಪರಿಶೀಲಿಸುವುದು ನೋಟರಿ ಕೆಲಸಗಳಲ್ಲಿ ಒಂದು ಅಂತ ಇದೆ, ನಿಜ. ಆದರೆ ಕೋರ್ಟ್ ಎದುರು ಮರದ ಕೆಳಗೆ ಕೂತ ನೋಟರಿಗೆ ರಷ್ಯನ್ ಎಲ್ಲಿ ಬರುತ್ತೆ? ಅನುವಾದಕರ ಪ್ರಮಾಣಪತ್ರದ ಮೇಲಿನ ಸಹಿ ನೋಡಿ ಸೀಲು ಹಾಕುತ್ತಾರೆ. ಭಾರತದ ಒಳಗಿನ ಬಹಳಷ್ಟು ಕೆಲಸಕ್ಕೆ ಅದು ನಡೆಯುತ್ತೆ. ಬ್ಯಾಂಕಿಗೂ ಸಾಕಾಗಬಹುದು, ಮ್ಯಾನೇಜರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ನಮ್ಮ ಕಾಗದ ರಷ್ಯಕ್ಕೆ ಹೋಗುವುದಾದರೆ ಲೆಕ್ಕ ಬೇರೆ. ಎರಡೂ ದೇಶ ಅಪೊಸ್ಟಿಲ್ (ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲು ಹಾಕುವ ದೃಢೀಕರಣ) ಒಪ್ಪಂದದಲ್ಲಿವೆ, ರಷ್ಯ 1992ರಿಂದ, ನಾವು 2005ರಿಂದ. ಪಿಯುಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ ಯಾವುದೇ ಆಗಲಿ, ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ ಮತ್ತೆ ಸೇವಾ ಶುಲ್ಕ. ಏಜೆಂಟರು ಹೇಳುವ ಸಾವಿರಗಳಲ್ಲಿ ಉಳಿದಿದ್ದು ಅವರ ಓಡಾಟದ್ದು. ಇದಾದ ಮೇಲೆ ಅನುವಾದ. ಮೊದಲೇ ಅನುವಾದ ಮಾಡಿಸಿಟ್ಟುಕೊಂಡರೆ ಅಪೊಸ್ಟಿಲ್ ಮೇಲಿನ ಬರಹ ಅದರಲ್ಲಿ ಇರುವುದಿಲ್ಲ, ಮತ್ತೆ ದುಡ್ಡು. ರಷ್ಯದ ನೋಟರಿಗಳು ತಮಗೆ ಗೊತ್ತಿರುವ ಅನುವಾದಕರು ಎದುರು ಬಂದು ಹಾಕಿದ ಸಹಿಯನ್ನು ದೃಢೀಕರಿಸುತ್ತಾರೆ, ಹಾಗಾಗಿ ಎಷ್ಟೋ ಸಲ ಅನುವಾದ ಅಲ್ಲೇ ಮಾಡಿಸುವುದು ಸುಲಭ. ಅಪೊಸ್ಟಿಲ್ ಮಾತ್ರ ಇಲ್ಲಿಂದಲೇ ಆಗಬೇಕು. ಹಾಗೆಯೇ ಅವರ ಕಾಗದಕ್ಕೆ ಅಲ್ಲಿಂದ. ಚೆನ್ನೈನ ರಷ್ಯನ್ ದೂತಾವಾಸಕ್ಕೆ ಹೋಗಿ ಅಪೊಸ್ಟಿಲ್ ಕೇಳಿದರೆ ಸಿಗುವುದಿಲ್ಲ.

ಗೋಕುಲಂ ಕಡೆಯಿಂದ ಮದುವೆ ಕೇಸುಗಳೂ ಬರುತ್ತವೆ. 1954ರ ವಿಶೇಷ ವಿವಾಹ ಕಾಯ್ದೆ, 30 ದಿನದ ನೋಟಿಸ್, ಮೂವರು ಸಾಕ್ಷಿಗಳು. ರಷ್ಯದವರು ಮದುವೆಯಾಗಲು ಅಡ್ಡಿ ಇಲ್ಲ ಅನ್ನುವ ಪತ್ರ ತರಬೇಕು, ಅದರ ಅನುವಾದ ಬೇಕು. ಮದುವೆ ದಿನ ವಧು ವರರು ಹೇಳುವ ಮಾತು ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿರಬೇಕು ಅಂತ ಕಾಯ್ದೆಯಲ್ಲೇ ಇದೆ. ಇಬ್ಬರಿಗೂ ಇಂಗ್ಲಿಷ್ ಬಂದರೆ ಸರಿ, ಇಲ್ಲದಿದ್ದರೆ ಆ ದಿನವೂ ದುಭಾಷಿ ಕರೆತನ್ನಿ.

ಎಲ್ಲಕ್ಕಿಂತ ಜಾಸ್ತಿ ಕಾಗದ ವಾಪಸ್ ಬರುವುದು ಹೆಸರಿಗಾಗಿ. ಯೂಲಿಯಾ ಅನ್ನುವ ಹೆಸರು ಅವರ ಪಾಸ್‌ಪೋರ್ಟಲ್ಲಿ ಐ–ಯು–ಎಲ್–ಐ–ಐ–ಎ ಅಂತ ಇರುತ್ತೆ. ಅನುವಾದಕರು ಕೇಳಿಸಿದ ಹಾಗೆ ವೈ ಹಾಕಿ ಬರೆದರೆ ರಿಜಿಸ್ಟ್ರಾರ್ ಇವರು ಬೇರೆ ಹೆಂಗಸು ಅನ್ನುತ್ತಾರೆ. ನಮ್ಮ ಕಡೆಯದ್ದು ಇನ್ನೂ ಕಷ್ಟ. ಅವರ ಫಾರಂನಲ್ಲಿ ಮನೆತನದ ಹೆಸರು, ಸ್ವಂತ ಹೆಸರು, ತಂದೆ ಹೆಸರಿನಿಂದ ಬಂದ ಹೆಸರು ಅಂತ ಮೂರು ಕಾಲಂ. ನಮಗೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಹೆಸರು. ಜೊತೆಗೆ ನಮ್ಮ ‘ಹ’ ಅವರಲ್ಲಿ ಇಲ್ಲ. ಹರೀಶ ಒಬ್ಬರ ಕೈಯಲ್ಲಿ ಖರಿಶ್, ಇನ್ನೊಬ್ಬರ ಕೈಯಲ್ಲಿ ಗರಿಶ್. ಒಂದು ಚೀಟಿಯಲ್ಲಿ ಹೆಸರು ರಷ್ಯನ್‌ನಲ್ಲಿ ಹೇಗೆ ಬರೆಯಬೇಕು ಅಂತ ಒಮ್ಮೆ ನಿರ್ಧರಿಸಿ, ವೀಸಾದಲ್ಲಿ ಏನಿದೆಯೋ ಅದನ್ನೇ ಹಿಡಿದು, ಪ್ರತಿ ಅನುವಾದಕರಿಗೂ ಅದೇ ಚೀಟಿ ಕೊಡಿ.

ಮಂಡ್ಯ ಆಲೆಮನೆ:
ಅಬ್ಬಾ, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ಪೋರ್ಟ್ ಸಾರ್, ನಾವು ಹೈಡ್ರೋಸ್ ಹಾಕುವುದಿಲ್ಲ, ಆದರೂ ಸಲ್ಫೈಟ್ ಟೆಸ್ಟ್‌ಗೆ ಸ್ಯಾಂಪಲ್ ಕೊಟ್ಟೆ. ಕರಾರಿನ 9ನೇ ಕಲಂನಲ್ಲಿ ನೀವು ಹೇಳಿದ ಹಾಗೆಯೇ ರಷ್ಯನ್ ಪಠ್ಯ ಅಂತಿಮ ಅಂತ ಇದೆಯಂತೆ, ಬೆಂಗಳೂರಿನ ಒಬ್ಬ ಅನುವಾದಕರು ನೋಡಿ ಹೇಳಿದರು. ಎರಡೂ ಸಮಾನ ಅಂತ ಮಾಡಲು ಕೇಳುತ್ತಿದ್ದೇನೆ. ದುಭಾಷಿಯಾಗಿ ಮಾಸ್ಕೋದಲ್ಲಿ ಓದಿ ಬಂದು ಈಗ ಮೈಸೂರಲ್ಲೇ ಇರುವ ಕನ್ನಡದ ಇಂಜಿನಿಯರ್ ಒಬ್ಬರು ಸಿಕ್ಕಿದ್ದಾರೆ. ದಿನದ ಲೆಕ್ಕ, ಪಾಲು ಇಲ್ಲ ಅಂತ ಮಾತಾಗಿದೆ. ಭಾನುವಾರ ಆಲೆಮನೆಗೆ ಬರುತ್ತಾರೆ. ಅಪ್ಪ ಈಗಲೇ ‘ಅವರಿಗೆ ಬೆಂಡೆ ಗಿಡ ತೋರಿಸಬೇಕು’ ಅಂತ ಶುರು ಮಾಡಿದ್ದಾರೆ.

ಅನುವಾದಕಿ ಮೇಡಂ, ಒಂದೇ ಒಂದು ಪ್ರಶ್ನೆ. ಲೇಬಲ್ ಮೇಲೆ ಬೆಲ್ಲ ಅನ್ನುವುದಕ್ಕೆ ಏನು ಹಾಕುವುದು? ಅವರು ಒಂದು ಮೇಲ್‌ನಲ್ಲಿ ಜಗ್ಗೆರಿ ಅಂತಾರೆ, ಇನ್ನೊಂದರಲ್ಲಿ ಕಬ್ಬಿನ ಸಕ್ಕರೆ ಅಂತಾರೆ.

ಎಕ್ಸ್‌ಪೋರ್ಟ್ ಫೈಲ್ ನೋಡುವವನು:
ಮೇಡಂ ಬದಲು ನಾನೇ ಹೇಳುತ್ತೇನೆ. ಅವರು ಘೋಷಣೆಯಲ್ಲಿ ಯಾವ ಹೆಸರು ಹಾಕುತ್ತಾರೋ ಅದೇ ಹೆಸರು ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಲೇಬಲ್ ಎಲ್ಲದರಲ್ಲೂ. ಇವತ್ತೇ ಮೇಲ್ ಹಾಕಿ ಕೇಳಿ. ಉತ್ತರ ಬರುವವರೆಗೆ ಸ್ಟಿಕ್ಕರ್ ಪ್ರಿಂಟ್‌ಗೆ ಕೊಡಬೇಡಿ.